ಕಾಗಿಗಡ್ಡಿಯ ಪಂಚನಾಮೆ

ಎರಡು ಸರ್ಕಾರ ಕರಗಿ ಒಂದಾಗಿ
ಮೂರನೆಯ ಬೇಸಿಗೆ. ಹೊಳೆಗೆ ಮಾತ್ರ
ಇನ್ನೂ ಎರಡೇ ದಂಡೆ.
ಕಂಪ್ಲಿ ದಂಡೆಯವರು ಕಾಗಿಗಡ್ಡಿ ಅಂದರು,
ಗಂಗಾವತಿ ಕಡೆಯವರು ನವಾಬನ ನಡುಗಡ್ಡಿ.
ನನ್ನ ಸರಪಳಿಗೆ ಹೆಸರು ಬೇಕಿರಲಿಲ್ಲ,
ಅಳತೆ ಹಿಡಿಯಲು ಒಂದು ಕಲ್ಲು ಸಾಕಿತ್ತು.

ಚೀಲದಲ್ಲಿ ಮೂರು ಕಾಗದ.
ಅಲ್ಲ, ಎರಡು ಕಾಗದ, ಒಂದು ತಾಮ್ರ.

ಕೊಟ್ಟೂರಬಸಪ್ಪನ ಇನಾಂ ಪಟ್ಟಾ: ರಾಣಿಯ ಮೊಹರು,
ಒಂಬತ್ತು ಎಕರೆ ನಲವತ್ಮೂರು ಸೆಂಟು.
ಹುಳ ತಿಂದದ್ದು ಸೆಂಟಿನ ಕಡೆಯಿಂದ.
ಬಂದಗಿಸಾಹೇಬರ ಸೇತ್ವಾರು ಉರ್ದು,
ಹನ್ನೊಂದು ಎಕರೆ ಇಪ್ಪತ್ತು ಗುಂಟೆ,
ಓದಿ ಹೇಳಿದ ಮುನ್ಷಿಗೆ ಕಣ್ಣಲ್ಲಿ ಪೊರೆ.
ಮಠದ ತಾಮ್ರಪಟದಲ್ಲಿ ಅಳತೆಯೇ ಇಲ್ಲ:
ನಿಧಿ ನಿಕ್ಷೇಪ ಜಲ ಪಾಷಾಣ ಸಹಿತ
ಸೂರ್ಯಚಂದ್ರರಿರುವ ತನಕ;
ಕಸಿದವನು ಅರವತ್ತು ಸಾವಿರ ವರುಷ
ಹೊಲಸಿನಲ್ಲಿ ಹುಳು.
ಪಾರುಪತ್ಯಗಾರ ಗುಂಡಾಚಾರ್ಯರು ಆ ಸಾಲನ್ನು
ನನ್ನ ಮುಖ ನೋಡುತ್ತ ಎರಡು ಸಲ ಓದಿದರು.

ಮೂವರೂ ಒಂದೇ ಹರಿಗೋಲಿನಲ್ಲಿ ಕೂತದ್ದು
ಇನ್ನೊಂದು ಹರಿಗೋಲು ಇರಲಿಲ್ಲವೆಂದು.
ಹುಟ್ಟು ಹಾಕಿದವಳು ಅಂಬಿಗರ ಹುಲಿಗೆವ್ವ.
ಮೊಣಕಾಲಿಗೆ ಮೊಣಕಾಲು ತಾಗದಂತೆ
ಮುದುಡಿಕೊಂಡರು; ದುಂಡನೆಯ ಬುಟ್ಟಿ,
ಅದರಲ್ಲಿ ಮೂಲೆ ಎಲ್ಲಿಂದ ಬರಬೇಕು.
ನಡುಹೊಳೆಯಲ್ಲಿ ಅದು ಒಂದು ಸುತ್ತು ತಿರುಗಿತು,
ಯಾರ ದಂಡೆ ಯಾವುದೆಂದು
ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ.

ಗಡ್ಡೆಯ ಮೇಲೆ ಜೊಂಡು, ಉಸುಕು,
ಉಸುಕಿನಲ್ಲಿ ಕುಣಿ ತೋಡಿ ಗೊಬ್ಬರ ತುಂಬಿ
ಬೆಳೆಸಿದ ಕಲ್ಲಂಗಡಿ, ಸವತಿ.
"ಯಾರ ಬಳ್ಳಿ?" ಎಂದೆ.
"ಬಳ್ಳಿ ನಂದು. ನೆಲ ಯಾರದೋ,
ಇವತ್ತ ಗೊತ್ತಾಗತೈತಲ್ಲ" ಅಂದಳು,
ನೀರು ಹೊಯ್ಯುವುದು ನಿಲ್ಲಿಸದೆ.

ಮೂರೂ ದಾಖಲೆ ಒಂದು ಮಾತಿಗೆ ಒಪ್ಪಿದ್ದವು:
ಮೂಡಣ ತುದಿಯ ಕರಿಯ ಕಲ್ಲು.
ಪಟ್ಟಾದಲ್ಲಿ ಅದು ಸರ್ವೆ ಕಲ್ಲು,
ಸೇತ್ವಾರಿನಲ್ಲಿ ಸಂಗೆ ಸಿಯಾ,
ತಾಮ್ರದಲ್ಲಿ ವಾಮನಮುದ್ರೆಯ ಶಿಲೆ.
ಸರಪಳಿಯ ದುರುಗಪ್ಪ ಮೂಡಣಕ್ಕೆ ಹೋಗಿ ಬಂದ:
ಬರೀ ನೀರು.
ಕಲ್ಲು ಸಿಕ್ಕಿದ್ದು ಪಡುವಣದಲ್ಲಿ,
ಹರಿಗೋಲಿನ ಹಗ್ಗ ಅದರ ಕುತ್ತಿಗೆಗೆ ಬಿಗಿದು,
ಒಂದು ಬದಿಗೆ ಸವೆದ ಕೊಡೆಯ ಗುರುತು,
ಇನ್ನೊಂದಕ್ಕೆ ಸರ್ಕಾರದ ಬಾಣ,
ನೆತ್ತಿಯಲ್ಲಿ ಖಾರ ಅರೆದ ಕೆಂಪು.

"ಇದು ಇಲ್ಲಿಗೆ ಹೆಂಗ ಬಂತವ್ವ?"
"ನಾನ ತಂದೀನಿ. ಹೊಳಿ ಸರದಂಗೆಲ್ಲ ಸರಸತೀನಿ.
ನಮ್ಮತ್ತಿನೂ ಸರಸತಿದ್ಲು. ಆಕಿ ಅತ್ತಿನೂ.
ಮಹಾಪೂರ ಅತ್ಲಾಗ ತಿಂದು ಇತ್ಲಾಗ ಉಗುಳತೈತಿ.
ಹರಿಗೋಲು ಕಟ್ಟಾಕ ಕಲ್ಲು ಬೇಕಲ್ರಿ."

ಮೂವರೂ ಮಾತಾಡಲಿಲ್ಲ.
ನಾನು ಲೆಕ್ಕ ಹಾಕಿದೆ: ರಾಣಿಯ ಅಮೀನ ಅಳೆದದ್ದು
ಇವಳತ್ತೆಯ ಅತ್ತೆ ಕಲ್ಲಿಟ್ಟಲ್ಲಿಂದ,
ನಿಜಾಮನ ಅಮೀನ ಇವಳತ್ತೆ ಇಟ್ಟಲ್ಲಿಂದ,
ನಾನು...
ಬಿಸಿಲಿಗೆ ಸರಪಳಿಯೂ ಒಂದಿಷ್ಟು ಉದ್ದವಾಗಿತ್ತೇನೋ.

ಸಾಗುವಳಿದಾರರ ಕಾಲಮ್ಮು ಖಾಲಿ ಇತ್ತು.
"ನಿನ್ನ ಹೆಸರು ಬರಕೊಳ್ಳಲೇನು?"
ಅವಳು ಆಗ ಬೆನ್ನು ನೆಟ್ಟಗೆ ಮಾಡಿದಳು.
"ಬ್ಯಾಡ್ರೀ. ಬರದ್ರ ಕಂದಾಯ ಕೇಳ್ತೀರಿ.
ಕಂದಾಯ ಕೊಟ್ರ ಅದೂ ಒಂದು ಕಾಗದ ಆಕ್ಕೈತಿ.
ಕಾಗದ ಇದ್ದೋರೆಲ್ಲ ನೋಡ್ರಿ, ಬಿಸಿಲಾಗ ನಿಂತಾರ."

ಹಣ್ಣು ಒಡೆದು ಕೊಟ್ಟಳು. ಮೂವರೂ ತಿಂದರು,
ಬೀಜ ಉಗುಳಿದರು, ತಂತಮ್ಮ ಜಮೀನಿನಲ್ಲಿ.

ಪಂಚನಾಮೆಗೆ ನಾನು ಬರೆದದ್ದಿಷ್ಟು:
ಕಲ್ಲು ಕಂಡಿದೆ. ಬಳಕೆಯಲ್ಲಿದೆ.
ಹೆಬ್ಬೆಟ್ಟು ಒತ್ತು ಎಂದರೆ
ಕೈಯಾಗ ಹುಟ್ಟು ಐತಿ ಅಂದಳು.

ದಂಡೆ ಮುಟ್ಟಿದಾಗ ತಲಾ ನಾಲ್ಕಾಣೆ.
ಬಂದಗಿಸಾಹೇಬರು ಎಲ್ಲರದೂ ಕೊಡಹೋದರು.
ಬಸಪ್ಪ ತಡೆದ, ಆಚಾರ್ಯರು ತಡೆದರು:
ಒಬ್ಬರೇ ಕೊಟ್ಟರೆ ನಾಳೆ ಅದೇ ಸಾಕ್ಷಿ.
ಅವಳು ಬೇರೆ ಬೇರೆ ಎಣಿಸಿಕೊಂಡಳು,
ಹೋಗಿದ್ದಕ್ಕೊಮ್ಮೆ, ಬಂದದ್ದಕ್ಕೊಮ್ಮೆ.